ಮಾತ್ರೆ ಒಂದೇ, ಹೆಸರು ಎರಡು: ಅಮ್ಮನ ನಾಡಿ 38ಕ್ಕೆ ಇಳಿದದ್ದು ಹೇಗೆ?

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಹಾಸನ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಅವರ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ. 18 ವರ್ಷದ ಹಿಂದೆ ಬಲೂನ್ ಹಾಕಿ ಅಗಲ ಮಾಡಿದ್ದರು. ನಾಡಿ ಯಾವಾಗಲೂ ಏರುಪೇರು, ಏಟ್ರಿಯಲ್ ಫಿಬ್ರಿಲೇಷನ್ ಅಂತ ಹೇಳಿದ್ದಾರೆ. ಡಿಗಾಕ್ಸಿನ್ ವಾರಕ್ಕೆ ಐದು ದಿನ, ಜೊತೆಗೆ ನೀರು ಹೋಗುವ ಮಾತ್ರೆ, ಮೆಟೊಪ್ರೊಲಾಲ್, ರಕ್ತ ತೆಳು ಮಾಡುವ ಮಾತ್ರೆ. ಎರಡು ತಿಂಗಳ ಹಿಂದೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿ ಬಂದರು. ಹೊಸ ಚೀಟಿಯಲ್ಲಿ ಒಂದು ಮಾತ್ರೆಗೆ ಬೇರೆ ಹೆಸರಿತ್ತು. ಅದೂ ಡಿಗಾಕ್ಸಿನ್ನೇ ಅಂತ ನಮಗೆ ಗೊತ್ತಾಗಲಿಲ್ಲ. ಹಳೇದು ಒಂದು, ಹೊಸದು ಒಂದು, ಹೀಗೆ 12 ದಿನ ಎರಡೂ ನುಂಗಿದ್ದಾರೆ. ಮೊದಲು ಊಟ ಬೇಡ ಅಂದರು, ಆಮೇಲೆ ವಾಕರಿಕೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡಿಸಿದೆವು. ಟ್ಯೂಬ್‌ಲೈಟ್ ಸುತ್ತ ಅರಿಶಿನ ಕಲಸಿದ ಹಾಗೆ ಕಾಣ್ತದೆ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಬೇಧಿ ಶುರುವಾಯಿತು. ಹಿಂದಿನ ದಿನ ನೋಡಲು ಬಂದ ನರ್ಸ್ ನಾಡಿ ಹಿಡಿದು, ನಿಧಾನ ಇದೆ, ಆದರೆ ಗಡಿಯಾರದ ಹಾಗೆ ಸರಿಯಾಗಿ ಹೊಡೀತಿದೆ ಅಂದಿದ್ದರು. ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ನಾಡಿ 38, ಪೊಟ್ಯಾಶಿಯಂ 3.1, ಡಿಗಾಕ್ಸಿನ್ ಮಟ್ಟ 3.4, ಕ್ರಿಯಾಟಿನಿನ್ 1.4. ನಾಲ್ಕು ದಿನ ತಾತ್ಕಾಲಿಕ ಪೇಸ್‌ಮೇಕರ್ ಹಾಕಿದ್ದರು. ಈಗ ಚೆನ್ನಾಗಿದ್ದಾರೆ. ಆದರೆ ಡಾಕ್ಟರು ಅದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡೋಣ ಅಂತಿದ್ದಾರೆ. ನೆಂಟರು ಅದು ವಿಷ, ಮುಟ್ಟಬೇಡಿ ಅಂತಾರೆ. ಹೃದಯಕ್ಕೆ ಶಾಶ್ವತ ಏಟು ಬಿದ್ದಿದೆಯಾ? ಪರ್ಮನೆಂಟ್ ಪೇಸ್‌ಮೇಕರ್ ಬೇಕಿತ್ತಾ? ಇನ್ನೊಮ್ಮೆ ಹೀಗೆ ಜಾಸ್ತಿ ನುಂಗಿದರೆ ಮನೆಯಲ್ಲಿ ಏನು ಮಾಡಬೇಕು? ಎಳನೀರು, ಮಜ್ಜಿಗೆ ಕೊಡಬಹುದಾ? ಉಳಿದ ಸ್ಟ್ರಿಪ್‌ಗಳನ್ನು ಊರಲ್ಲಿ ಹೃದಯದ ತೊಂದರೆ ಇರುವ ಇನ್ನೊಬ್ಬರಿಗೆ ಕೊಡಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಾಲುಗಳ ನಡುವೆ ಒಂದು ಪ್ರಶ್ನೆ ಇದೆ, ನೀವು ಕೇಳಿಲ್ಲ ಅಷ್ಟೆ: ತಪ್ಪು ನಮ್ಮದಾ? ಅದನ್ನು ಮೊದಲು ಮುಗಿಸಿಬಿಡೋಣ. ಒಂದೇ ಔಷಧಿ ಎರಡು ಹೆಸರಿನಲ್ಲಿ ಮನೆ ಸೇರುವುದು ನಾನು ವರ್ಷಕ್ಕೆ ಹಲವು ಸಲ ನೋಡುವ ಸಂಗತಿ. ಓದಿದವರ ಮನೆಯಲ್ಲೂ ಆಗುತ್ತದೆ, ಮಾಸ್ತರರ ಮನೆಯಲ್ಲಿ ಆಗಿದೆ, ಒಮ್ಮೆ ಮೆಡಿಕಲ್ ಶಾಪ್ ನಡೆಸುವವರ ತಂದೆಗೇ ಆಗಿತ್ತು. ಚೀಟಿ ಬರೆಯುವವರು ಹಳೇ ಮಾತ್ರೆಯ ಹೆಸರು ಹೇಳಿ ಇದನ್ನು ನಿಲ್ಲಿಸಿ ಅಂತ ಬರೆಯಬೇಕು. ಬಹಳ ಸಲ ಬರೆಯುವುದಿಲ್ಲ. ಹೊಸ ಚೀಟಿ ಬಂತು ಅಂದರೆ ಹಳೇದು ರದ್ದು ಅಂತ ಡಾಕ್ಟರು ಅಂದುಕೊಂಡಿರುತ್ತಾರೆ, ಹಳೇದರ ಜೊತೆಗೆ ಇದೂ ಸೇರಿತು ಅಂತ ಮನೆಯವರು ಅಂದುಕೊಂಡಿರುತ್ತಾರೆ. ಈ ಎರಡು ಅಂದಾಜುಗಳ ನಡುವೆ ನಿಮ್ಮ ಅಮ್ಮ ಬಿದ್ದರು.

ಈಗ ಆ ಗಡಿಯಾರದ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಕುಕ್ಕಿದ್ದು ಅದೇ.

ನಿಮ್ಮ ಅಮ್ಮನ ನಾಡಿ ವರ್ಷಗಳಿಂದ ತಾಳ ತಪ್ಪಿಯೇ ಹೊಡೆಯುತ್ತಿದೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 350ಕ್ಕೂ ಜಾಸ್ತಿ ಸಲ ಅದುರುತ್ತಿರುತ್ತವೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಎವಿ ನೋಡ್ ಅಂತ ಒಂದು ಗೇಟು. ಬಂದದ್ದರಲ್ಲಿ ಕೆಲವನ್ನು ಮಾತ್ರ ಆ ಗೇಟು ಕೆಳಗೆ ಬಿಡುತ್ತದೆ, ಅದೂ ಹೇಗೆಂದರೆ ಹಾಗೆ. ಅದಕ್ಕೇ ನಾಡಿ ಏರುಪೇರು. ಡಿಗಾಕ್ಸಿನ್ ಕೊಡುವುದೇ ಈ ಗೇಟನ್ನು ಸ್ವಲ್ಪ ಬಿಗಿ ಮಾಡಲು. ಮಾತ್ರೆ ಜಾಸ್ತಿಯಾದಾಗ ಗೇಟು ಪೂರ್ತಿ ಮುಚ್ಚಿಹೋಗುತ್ತದೆ. ಆಗ ಮೇಲಿಂದ ಏನೂ ಬರದೆ, ಕೆಳಗಿನ ಭಾಗ ತನ್ನ ಪಾಡಿಗೆ ತಾನು, ಪ್ರಾಣ ಉಳಿಸಿಕೊಳ್ಳುವುದಕ್ಕೆ ಅನ್ನುವ ಹಾಗೆ, ನಿಧಾನವಾಗಿ, ಒಂದೇ ಸಮನೆ ಹೊಡೆಯಲು ಶುರು ಮಾಡುತ್ತದೆ. ಹಾಗಾಗಿ ಈ ರೋಗಿಗಳಲ್ಲಿ ವರ್ಷಗಟ್ಟಲೆ ತಪ್ಪಿದ್ದ ತಾಳ ಮಾತ್ರೆ ತಿನ್ನುವ ಹೊತ್ತಿನಲ್ಲಿ ದಿಢೀರ್ ಅಂತ ಸರಿಹೋಗಿ, ಜೊತೆಗೆ ನಿಧಾನವೂ ಆದರೆ, ಅದು ಖುಷಿಪಡುವ ಸುದ್ದಿ ಅಲ್ಲ. ಆ ಕ್ಷಣವೇ ಇಸಿಜಿ ತೆಗೆಸಬೇಕು. ಆ ನರ್ಸ್ ಮೇಲೆ ಕೋಪ ಮಾಡಿಕೊಳ್ಳಬೇಡಿ. ತಾಳ ಸರಿ ಇರುವುದು ಒಳ್ಳೆಯದು ಅಂತಲೇ ನಾವೆಲ್ಲ ಕಲಿತಿರುವುದು, ಅಲ್ವಾ? ನಾನು ಕೂಡ ಹೌಸ್ ಸರ್ಜನ್ ಆಗಿದ್ದಾಗ ಇಂಥದ್ದೇ ಒಬ್ಬರ ನಾಡಿ ಹಿಡಿದು, ಸರ್, ಇವರು ಸುಧಾರಿಸಿದ್ದಾರೆ ಅಂತ ವರದಿ ಒಪ್ಪಿಸಿ ಬೈಸಿಕೊಂಡಿದ್ದೇನೆ.

ನೆಂಟರು ಹೇಳುವ ವಿಷದ ಮಾತಿಗೆ ಬರೋಣ. ಅದು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಡಿಗಾಕ್ಸಿನ್ ಬಂದಿರುವುದೇ ಫಾಕ್ಸ್‌ಗ್ಲೋವ್ ಎಂಬ ಗಿಡದ ಬಳಗದಿಂದ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯ, ಶ್ರಾಪ್‌ಶೈರಿನ ಒಬ್ಬ ಅಜ್ಜಿಯ ಮನೆಮದ್ದಿನ ಜಾಡು ಹಿಡಿದು, ಆ ಸೊಪ್ಪನ್ನು ಸುಮಾರು ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, 1785ರಲ್ಲಿ ಎಲ್ಲವನ್ನೂ ಬರೆದಿಟ್ಟರು. ಜಾಸ್ತಿ ಆದರೆ ಏನಾಗುತ್ತದೆ ಅಂತಲೂ ಬರೆದಿದ್ದಾರೆ: ವಾಂತಿ, ಬೇಧಿ, ತಲೆಸುತ್ತು, ಕಂಡದ್ದೆಲ್ಲ ಹಸಿರು ಅಥವಾ ಹಳದಿಯಾಗುವುದು, ನಾಡಿ ನಿಮಿಷಕ್ಕೆ 35ರ ತನಕ ಇಳಿಯುವುದು. ನಿಮ್ಮ ಪತ್ರವನ್ನು ಅದರ ಪಕ್ಕ ಇಟ್ಟು ನೋಡಿ. ನಿಮ್ಮ ಅಮ್ಮ ಹೇಳಿದ ಟ್ಯೂಬ್‌ಲೈಟಿನ ಅರಿಶಿನ ಭ್ರಮೆ ಅಲ್ಲ, ಅರಳುಮರಳೂ ಅಲ್ಲ. ಈ ಔಷಧಿ ಕಣ್ಣಿನ ಒಳಪದರದಲ್ಲಿ ಬಣ್ಣ ಗುರುತಿಸುವ ಕೋಶಗಳನ್ನೂ ಕೆಡಿಸುತ್ತದೆ. ಎಲ್ಲರಿಗೂ ಹೀಗೆ ಆಗುವುದಿಲ್ಲ, ಆದವರು ಹೇಳಿದಾಗ ಯಾರೂ ನಂಬುವುದಿಲ್ಲ.

ಮನೆಯಲ್ಲಿ ಬಳಸುವ ಎಷ್ಟೋ ಮಾತ್ರೆಗಳಲ್ಲಿ ಸರಿಯಾದ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ನಡುವೆ ದೊಡ್ಡ ಬಯಲೇ ಇರುತ್ತದೆ. ಡಿಗಾಕ್ಸಿನ್‌ಗೆ ಆ ಜಾಗ ಗದ್ದೆಯ ಬದುವಿನಷ್ಟು. ಹೃದಯದ ಶಕ್ತಿ ಕುಂದಿದವರಲ್ಲಿ ರಕ್ತದ ಮಟ್ಟ 0.5ರಿಂದ 0.9 ನ್ಯಾನೊಗ್ರಾಂ ಒಳಗೆ ಇದ್ದರೆ ಸಾಕು ಅನ್ನುವುದು ಈಗಿನ ತಿಳಿವಳಿಕೆ. 2 ದಾಟಿದರೆ ತೊಂದರೆಯ ಸಾಧ್ಯತೆ ಬಹಳ ಏರುತ್ತದೆ. ಅಮ್ಮನದು 3.4 ಇತ್ತು. ಲ್ಯಾಬ್ ರಿಪೋರ್ಟಿನಲ್ಲಿ ಇವತ್ತಿಗೂ 0.8ರಿಂದ 2.0 ನಾರ್ಮಲ್ ಅಂತ ಅಚ್ಚಾಗಿರುವುದುಂಟು. ಅದು ಹಳೇ ಲೆಕ್ಕ. 1.8 ಬಂದಿದೆ, ನಾರ್ಮಲ್ ಒಳಗೇ ಇದೆ ಅಂತ ಸುಮ್ನೆ ಕೂರಬೇಡಿ.

ಈ ಔಷಧಿ ಕೆಲಸ ಮಾಡುವುದು ಹೇಗೆ ಅಂತ ತಿಳಿದರೆ ಅಮ್ಮನಿಗೆ ಆದದ್ದೂ ತಿಳಿಯುತ್ತದೆ. ಹೃದಯದ ಪ್ರತಿ ಕೋಶದ ಗೋಡೆಯಲ್ಲೂ ಒಂದು ಪುಟ್ಟ ಪಂಪು ಇದೆ, ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಶಿಯಂ ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ಡಿಗಾಕ್ಸಿನ್ ಆ ಪಂಪಿನ ಮೇಲೆ ಕೂತು ಅದನ್ನು ತಡೆಯುತ್ತದೆ. ಪರಿಣಾಮವಾಗಿ ಕೋಶದ ಒಳಗೆ ಕ್ಯಾಲ್ಸಿಯಂ ಜಾಸ್ತಿಯಾಗಿ, ಹೃದಯ ಸ್ವಲ್ಪ ಬಲವಾಗಿ ಹಿಂಡುತ್ತದೆ. ಹೃದಯಕ್ಕೆ ಬ್ರೇಕ್ ಹಾಕುವ ವೇಗಸ್ ನರದ ಮೂಲಕ ಎವಿ ನೋಡನ್ನು ನಿಧಾನವೂ ಮಾಡುತ್ತದೆ. ಮಿತಿಯಲ್ಲಿದ್ದರೆ ಎರಡೂ ಉಪಕಾರ. ಮಿತಿ ಮೀರಿದರೆ ಒಂದು ಕಡೆ ಗೇಟು ಮುಚ್ಚುತ್ತದೆ, ಇನ್ನೊಂದು ಕಡೆ ಕ್ಯಾಲ್ಸಿಯಂ ತುಂಬಿದ ಕೋಶಗಳು ಯಾರೂ ಹೇಳದೆ ತಾವೇ ಮಿಡಿಯತೊಡಗುತ್ತವೆ. ನಿಧಾನವೂ ಹೌದು, ಕೆರಳಿದ್ದೂ ಹೌದು. ಎರಡೂ ಒಂದೇ ಹೃದಯದಲ್ಲಿ, ಒಂದೇ ಹೊತ್ತಿನಲ್ಲಿ. ಡಿಗಾಕ್ಸಿನ್ ತಾರದ ತಾಳಭಂಗ ಇಲ್ಲ ಅಂತ ನಾವು ಹೇಳಿಕೊಳ್ಳುವುದು ಅದಕ್ಕೇ. ಕೆಲವರಲ್ಲಿ ಇಸಿಜಿಯ ಗೆರೆ ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ, ಮತ್ತೆ ಮೇಲಕ್ಕೆ, ಹೀಗೆ ಬದಲಾಗುತ್ತಾ ಓಡುತ್ತದೆ. ಆ ಕಾಗದ ಕೈಗೆ ಬಂದರೆ ರೋಗಿಯ ಮಾತ್ರೆ ಡಬ್ಬಿ ಎಲ್ಲಿ ಅಂತ ಕೇಳುವುದೇ ಮೊದಲ ಕೆಲಸ.

ಪೊಟ್ಯಾಶಿಯಂ ಎಲ್ಲಿ ಬಂತು ಅಂದರೆ, ಅದೂ ಡಿಗಾಕ್ಸಿನ್ನೂ ಆ ಪಂಪಿನ ಮೇಲೆ ಒಂದೇ ಸೀಟಿಗೆ ಜಗಳ ಆಡುತ್ತವೆ. ಸಂತೆ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ರಕ್ತದಲ್ಲಿ ಪೊಟ್ಯಾಶಿಯಂ ಸಾಕಷ್ಟಿದ್ದರೆ ಡಿಗಾಕ್ಸಿನ್‌ಗೆ ಸೀಟು ಸುಲಭವಾಗಿ ಸಿಗುವುದಿಲ್ಲ. ಅಮ್ಮನಿಗೆ ನೀರು ಹೋಗುವ ಮಾತ್ರೆಯಿಂದ ಪೊಟ್ಯಾಶಿಯಂ ಮೊದಲೇ ಸೋರುತ್ತಿತ್ತು. ಊಟ ಬಿಟ್ಟರು, ಇನ್ನೂ ಇಳಿಯಿತು. ಬೇಧಿ ಬಂತು, 3.1ಕ್ಕೆ ಬಂತು. ಬಸ್ಸು ಖಾಲಿ, ಡಿಗಾಕ್ಸಿನ್ ಕಾಲು ಚಾಚಿ ಕೂತಿತು.

ಇದಕ್ಕೆ ಕಿಡ್ನಿಯೂ ಸೇರಿಕೊಂಡಿದೆ. ಡಿಗಾಕ್ಸಿನ್ ಬಹುಪಾಲು ಮೂತ್ರದಲ್ಲೇ ಹೊರಗೆ ಹೋಗಬೇಕು. ಕಿಡ್ನಿ ಚೆನ್ನಾಗಿದ್ದರೂ ಮೈಯಲ್ಲಿರುವ ಡಿಗಾಕ್ಸಿನ್ ಅರ್ಧಕ್ಕೆ ಇಳಿಯಲು 36ರಿಂದ 48 ಗಂಟೆ ಬೇಕು, ಕಿಡ್ನಿ ಕೆಟ್ಟಿದ್ದರೆ ನಾಲ್ಕೈದು ದಿನವೂ ಆಗಬಹುದು. ಕ್ರಿಯಾಟಿನಿನ್ ಅಂದರೆ ಮಾಂಸಖಂಡದಿಂದ ಬಂದು ಕಿಡ್ನಿಯಿಂದ ಹೊರಹೋಗಬೇಕಾದ ಕಸ, ಅದು 1.4 ಅಂದರೆ ಸ್ವಲ್ಪ ಜಾಸ್ತಿ ಅಷ್ಟೆ ಅಂತ ಅನ್ನಿಸುತ್ತದೆ. ಗದ್ದೆ ಕೆಲಸ ಮಾಡುವ ಗಟ್ಟಿ ಗಂಡಾಳಿಗೆ ಅದು ಅಷ್ಟೇ ಇರಬಹುದು. 67 ವರ್ಷದ, ಮೈಯಲ್ಲಿ ಮಾಂಸವೇ ಇಲ್ಲದ ಹೆಂಗಸಿಗೆ ಅದೇ ಸಂಖ್ಯೆ ಅಂದರೆ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಅಂತ ಅರ್ಥ. ದಿನಾ ಎರಡು ಒಳಗೆ ಬರುತ್ತಿದೆ, ಹೊರಗೆ ಹೋಗುವ ದಾರಿ ಕಿರಿದು. ಹನ್ನೆರಡನೇ ದಿನಕ್ಕೆ ತೊಟ್ಟಿ ತುಂಬಿ ಹರಿಯಿತು. ಒಂದು ಬೆಳಿಗ್ಗೆ ಆದ ಅನಾಹುತ ಅಲ್ಲ ಇದು. ಅಮ್ಮ ಊಟ ಬೇಡ ಅಂದ ದಿನವೇ ಶುರುವಾಗಿತ್ತು.

ಜೊತೆಗೆ ಮೆಟೊಪ್ರೊಲಾಲ್ ಕೂಡ ಅದೇ ಗೇಟನ್ನು ಬಿಗಿ ಮಾಡುವ ಔಷಧಿ. ಎರಡೂ ಸೇರಿದಾಗ ನಾಡಿ ಬೇಗ ಇಳಿಯುತ್ತದೆ. ಸೇರಿಸಿ ಕೊಡುವುದು ತಪ್ಪಲ್ಲ, ನಾವೆಲ್ಲ ಕೊಡುತ್ತೇವೆ. ಲೆಕ್ಕ ಇಟ್ಟು ಕೊಡಬೇಕು, ಅಷ್ಟೆ.

ಶಾಶ್ವತ ಏಟು ಬಿದ್ದಿದೆಯಾ? ಮಾತ್ರೆಯಿಂದ ಬಿದ್ದಿಲ್ಲ. ಡಿಗಾಕ್ಸಿನ್ ಹೃದಯದ ಮಾಂಸವನ್ನು ಸುಡುವುದಿಲ್ಲ. ಪಂಪಿನ ಮೇಲೆ ಕೂತಿತ್ತು, ಎದ್ದು ಹೋಯಿತು, ಪಂಪು ಮತ್ತೆ ತಿರುಗುತ್ತಿದೆ. ಬಿದ್ದಾಗ ತಲೆಗೆ ಪೆಟ್ಟಾಗಿಲ್ಲ ತಾನೆ? ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದರೆ ಹೃದಯದಷ್ಟೇ ತಲೆಯನ್ನೂ ನೋಡಬೇಕು. ಹೊಸದಾಗಿ ತಲೆನೋವು, ಮಂಪರು, ಕೈಕಾಲು ಸೋಲು ಕಂಡರೆ ಎರಡು ತಿಂಗಳು ಆಗಿದ್ದರೂ ಸ್ಕ್ಯಾನ್ ಮಾಡಿಸಿ.

ಪರ್ಮನೆಂಟ್ ಪೇಸ್‌ಮೇಕರ್ ಹಾಕದೆ ಇದ್ದದ್ದು ಸರಿಯಾದ ನಿರ್ಧಾರ. ಕಾರಣ ಮಾತ್ರೆ ಅಂತ ಗೊತ್ತಿದ್ದಾಗ ಮಾತ್ರೆ ಇಳಿಯುವ ತನಕ ತಾತ್ಕಾಲಿಕ ತಂತಿಯಲ್ಲಿ ದಿನ ದೂಡುವುದೇ ಕ್ರಮ. ನಾಲ್ಕು ದಿನದಲ್ಲಿ ಗೇಟು ತೆರೆದಿದೆ. ಔಷಧಿ ಪೂರ್ತಿ ಹೋದ ಮೇಲೂ ನಾಡಿ 40ರಲ್ಲೇ ನಿಂತಿದ್ದರೆ ಆಗ ಗೇಟೇ ಸವೆದಿದೆ ಅಂತ ಯೋಚಿಸಬೇಕಿತ್ತು.

ಕೆಲವರು ಡಯಾಲಿಸಿಸ್ ಮಾಡಿ ಔಷಧಿ ತೆಗೆಯಬಹುದಿತ್ತಲ್ಲ ಅಂತ ಕೇಳುತ್ತಾರೆ. ಆಗುವುದಿಲ್ಲ. ಡಿಗಾಕ್ಸಿನ್ ರಕ್ತದಲ್ಲಿ ಇರುವುದು ಚೂರೇ ಚೂರು, ಉಳಿದದ್ದೆಲ್ಲ ಮಾಂಸಖಂಡದಲ್ಲಿ ಅಡಗಿರುತ್ತದೆ. ರಕ್ತ ಎಷ್ಟು ಸೋಸಿದರೂ ಕೈಗೆ ಸಿಗುವುದಿಲ್ಲ. ಇದಕ್ಕೆ ನಿಜವಾದ ಪ್ರತಿಮದ್ದು ಕುರಿಯ ಮೈಯಲ್ಲಿ ತಯಾರಾಗುವ ಪ್ರತಿಕಾಯದ ತುಣುಕು. ಅದನ್ನು ಮನುಷ್ಯರಿಗೆ ಕೊಟ್ಟು ಗೆದ್ದ ಮೊದಲ ವರದಿ ಬಂದದ್ದು 1976ರಲ್ಲಿ. ಅದು ಡಿಗಾಕ್ಸಿನ್ನನ್ನು ಹಿಡಿದುಕೊಂಡು ಮೂತ್ರದ ದಾರಿ ತೋರಿಸುತ್ತದೆ. ಬಹಳ ದುಬಾರಿ, ನಮ್ಮ ದೇಶದ ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುವುದೂ ಇಲ್ಲ. ಅಮ್ಮನಿಗೆ ಕೊಟ್ಟಿಲ್ಲ ಅಂತ ಕೊರಗಬೇಡಿ. ಪೊಟ್ಯಾಶಿಯಂ ಸರಿಮಾಡಿ, ಪೇಸ್‌ಮೇಕರ್ ತಂತಿ ಹಾಕಿ ಕಾದರೂ ಜನ ಗುಣವಾಗುತ್ತಾರೆ, ಅಮ್ಮನೇ ಸಾಕ್ಷಿ.

ಈಗ ಮುಖ್ಯವಾದದ್ದು, ಮತ್ತೆ ಶುರು ಮಾಡಬೇಕಾ ಬೇಡವಾ.

ಕವಾಟ ಕಿರಿದಾದವರಿಗೆ ನಾಡಿ ಜೋರಾಗಿ ಓಡಬಾರದು. ಕಿರಿದಾದ ಬಾಗಿಲಿನಿಂದ ರಕ್ತ ಕೆಳಗಿನ ಕೋಣೆಗೆ ಇಳಿಯಲು ಪುರುಸೊತ್ತು ಬೇಕು. ಹೃದಯ 140ರಲ್ಲಿ ಓಡಿದರೆ ಆ ಪುರುಸೊತ್ತು ಸಿಗದೆ ರಕ್ತ ಹಿಂದಕ್ಕೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಉಬ್ಬಸ ಬರುತ್ತದೆ. ಎರಡು ತಿಂಗಳ ಹಿಂದೆ ಅಡ್ಮಿಟ್ ಆದದ್ದಕ್ಕೆ ಬಹುಶಃ ಇದೇ ಕಾರಣ ಇದ್ದಿರಬೇಕು. ಅಂದರೆ ಎಲ್ಲವನ್ನೂ ಬಿಟ್ಟು ಕೂರುವುದು ಅನ್ನುವ ದಾರಿ ಇಲ್ಲವೇ ಇಲ್ಲ. ವಿಷ ಅನ್ನುವ ನೆಂಟರು ಆ ರಾತ್ರಿಯ ಉಬ್ಬಸಕ್ಕೆ ಜೊತೆಗಿರುವುದಿಲ್ಲ.

ನಿಮ್ಮ ಡಾಕ್ಟರು ಹೇಳಿದ ದಾರಿ ಡಿಗಾಕ್ಸಿನ್ ಅರ್ಧ ಮಾತ್ರೆ, ಅಂದರೆ 0.125 ಮಿಲಿಗ್ರಾಂ, ಅಥವಾ ಅದಕ್ಕಿಂತಲೂ ಕಡಿಮೆ. ಬಿಪಿ ಕಡಿಮೆ ಇರುವವರಿಗೆ, ಬೇರೆ ಮಾತ್ರೆ ತಡೆಯದವರಿಗೆ ಇದು ಒಳ್ಳೆಯದು, ಏಕೆಂದರೆ ಡಿಗಾಕ್ಸಿನ್ ಬಿಪಿ ಇಳಿಸುವುದಿಲ್ಲ. ಅಪಾಯ ಏನೆಂದು ನೀವು ಕಣ್ಣಾರೆ ನೋಡಿದ್ದೀರಿ, ಮತ್ತೆ ಬೇಧಿ ಬಂದರೆ, ಕಿಡ್ನಿ ಇನ್ನಷ್ಟು ಸೋತರೆ, ಅರ್ಧ ಮಾತ್ರೆಯೂ ಜಾಸ್ತಿ ಆಗಬಹುದು. ಇನ್ನೊಂದು ದಾರಿ, ಡಿಗಾಕ್ಸಿನ್ ಬಿಟ್ಟು ಮೆಟೊಪ್ರೊಲಾಲನ್ನೇ ನಿಧಾನವಾಗಿ ಏರಿಸುವುದು. ನಡೆದಾಡುವಾಗ ಓಡುವ ನಾಡಿಯನ್ನು ಹಿಡಿಯುವುದರಲ್ಲಿ ಅದು ಡಿಗಾಕ್ಸಿನ್‌ಗಿಂತ ಮೇಲು. ಡಿಗಾಕ್ಸಿನ್ ಸುಮ್ಮನೆ ಕೂತಾಗ ಚೆನ್ನಾಗಿ ಹಿಡಿಯುತ್ತದೆ, ಎದ್ದು ಓಡಾಡಿದರೆ ಕೈಬಿಡುತ್ತದೆ. ಆದರೆ ಮೆಟೊಪ್ರೊಲಾಲ್ ಜಾಸ್ತಿಯಾದರೆ ಬಿಪಿ ಬೀಳುವುದು, ಸುಸ್ತು, ಆಸ್ತಮಾ ಇರುವವರಿಗೆ ಉಬ್ಬಸ. ವೆರಪಾಮಿಲ್, ಡಿಲ್ಟಿಯಾಜೆಮ್ ಅಂತ ಬೇರೆ ಗುಂಪೂ ಇದೆ. ವೆರಪಾಮಿಲ್ ಡಿಗಾಕ್ಸಿನ್ ಮಟ್ಟವನ್ನೇ ಏರಿಸುತ್ತದೆ, ಮೆಟೊಪ್ರೊಲಾಲ್ ಜೊತೆ ಸೇರಿದರೆ ನಾಡಿ ತೀರಾ ಇಳಿಯಬಹುದು. ಹೃದಯದ ಹಿಂಡುವ ಶಕ್ತಿ ಕಡಿಮೆ ಇದ್ದರೆ ಈ ಗುಂಪು ಬೇಡವೇ ಬೇಡ.

ನನ್ನನ್ನು ಕೇಳಿದರೆ, ಅಮ್ಮನ ಬಿಪಿ ತಡೆಯುವುದಾದರೆ ಮೊದಲು ಮೆಟೊಪ್ರೊಲಾಲನ್ನೇ ಸರಿಹೊಂದಿಸಿ ನೋಡುತ್ತೇನೆ. ಅದು ಸಾಲದಿದ್ದರೆ ಮಾತ್ರ ಡಿಗಾಕ್ಸಿನ್, ಅದೂ ಚಿಕ್ಕ ಪ್ರಮಾಣದಲ್ಲಿ. ಆದರೆ ಅವರ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ನಿಮ್ಮ ಡಾಕ್ಟರು, ನಾನಲ್ಲ. ಮೆಟೊಪ್ರೊಲಾಲ್ ಏರಿಸಿ ನೋಡಬಹುದಾ, ಎಕೋದಲ್ಲಿ ಕವಾಟ ಈಗ ಎಷ್ಟು ಅಗಲ ಇದೆ, ಇನ್ನೊಮ್ಮೆ ಬಲೂನ್ ಅಥವಾ ಆಪರೇಷನ್ ಹೊತ್ತು ಬಂದಿದೆಯಾ ಅಂತ ಕೇಳಿ. ಬಲೂನ್ ಮಾಡಿ 18 ವರ್ಷ ಆಗಿದೆ. ಕವಾಟ ಮತ್ತೆ ಕಿರಿದಾಗಿದ್ದರೆ ಮಾತ್ರೆಯ ಜಗಳ ಎಷ್ಟು ಆಡಿದರೂ ಉಬ್ಬಸ ಬಗೆಹರಿಯುವುದಿಲ್ಲ. ಈ ಗಲಾಟೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆ ಮಾತ್ರ ತಪ್ಪದಿರಲಿ. ಕಿರಿದಾದ ಕವಾಟ, ಜೊತೆಗೆ ಏಟ್ರಿಯಲ್ ಫಿಬ್ರಿಲೇಷನ್, ಇವೆರಡೂ ಇದ್ದವರಿಗೆ ಪಾರ್ಶ್ವವಾಯು ಹೊಡೆಯುವ ಭಯ ದೊಡ್ಡದು.

ವಾರಕ್ಕೆ ಐದು ದಿನ ಅನ್ನುವ ಪದ್ಧತಿ ಬಗ್ಗೆ ಒಂದು ಮಾತು. ಶನಿವಾರ, ಭಾನುವಾರ ಮಾತ್ರೆಗೆ ರಜೆ ಅಂತ ನಮ್ಮಲ್ಲಿ ಬಹಳ ಡಾಕ್ಟರು ಬರೆಯುತ್ತಾರೆ, ನಾನೂ ಬರೆದಿದ್ದೇನೆ. ಡಿಗಾಕ್ಸಿನ್‌ಗೆ ವಾರದ ರಜೆ ಗೊತ್ತಿಲ್ಲ. ಅದರ ಬದಲು ದಿನಾ ಒಂದೇ ಥರ ಚಿಕ್ಕ ಪ್ರಮಾಣ ಕೊಟ್ಟರೆ ಮಟ್ಟವೂ ಸಮ ಇರುತ್ತದೆ, ಇವತ್ತು ಯಾವ ವಾರ ಅಂತ ನೆನಪಿಟ್ಟುಕೊಳ್ಳುವ ತಲೆನೋವೂ ಇಲ್ಲ. ಹಳ್ಳಿಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಸೋಮವಾರವೂ ಭಾನುವಾರವೂ ಒಂದೇ.

ಇನ್ನೊಮ್ಮೆ ಜಾಸ್ತಿ ನುಂಗಿದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಒಂದು ದಿನ ಮರೆತು ಒಂದು ಮಾತ್ರೆ ಹೆಚ್ಚು ಆಯಿತು, ಆರಾಮಾಗಿದ್ದಾರೆ ಅಂದರೆ ಗಾಬರಿ ಬೇಡ. ಮುಂದಿನ ಮಾತ್ರೆ ಕೊಡಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಅಮ್ಮನಂಥವರಿಗೆ ಒಂದು ಇಸಿಜಿ ತೆಗೆಸಿಬಿಡುವುದು ಒಳ್ಳೆಯದು. ಒಂದಕ್ಕಿಂತ ಜಾಸ್ತಿ ಹೋಗಿದ್ದರೆ, ಹಲವು ದಿನ ಡಬಲ್ ಆಗಿದ್ದರೆ, ವಾಂತಿ, ತಲೆಸುತ್ತು, ಗೊಂದಲ, ಹಳದಿ ನೋಟ ಇದ್ದರೆ, ನಾಡಿ 50ಕ್ಕಿಂತ ಕೆಳಗಿದ್ದರೆ 108ಕ್ಕೆ ಫೋನ್ ಮಾಡಿ. ಮಗು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಿದ್ದರೂ ಆಸ್ಪತ್ರೆಗೆ ಓಡಿ. ಯಾರಾದರೂ ಬೇಸರದಲ್ಲಿ ಬೇಕಂತಲೇ ನುಂಗಿದ್ದರೆ ಎಷ್ಟು, ಯಾಕೆ ಅಂತ ಪಂಚಾಯ್ತಿ ಮಾಡುತ್ತಾ ಕೂರಬೇಡಿ, ಬೈಯಬೇಡಿ, ನೇರ ಆಸ್ಪತ್ರೆ. ಮನಸ್ಸಿನ ನೋವಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಎರಡು ಗಂಟೆ ಆಯ್ತು, ಏನೂ ಆಗಿಲ್ಲವಲ್ಲ ಅಂತ ಮನೆಗೆ ಮರಳಬೇಡಿ. ಡಿಗಾಕ್ಸಿನ್ ರಕ್ತದಿಂದ ಹೃದಯದ ಮಾಂಸಕ್ಕೆ ಇಳಿಯಲು ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತದೆ. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್‌ಗಳ ನಿಧಾನವಾಗಿ ಕರಗುವ ಮಾತ್ರೆಗಳಂತೂ ನುಂಗಿ ಅರ್ಧ ದಿನ ಕಳೆದ ಮೇಲೂ ಕೈಕೊಡಬಹುದು.

ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಮಾಡುವಾಗ ವೇಗಸ್ ನರ ಇನ್ನೂ ಕೆರಳಿ, ಮೊದಲೇ ನಿಧಾನ ಇರುವ ನಾಡಿ ನಿಂತೇ ಹೋಗಬಹುದು. ಹಾಲು ವಿಷ ಎಳೆಯುವುದಿಲ್ಲ. ಮಜ್ಜಿಗೆ ಉಷ್ಣ ಇಳಿಸುವುದೇನೋ, ಡಿಗಾಕ್ಸಿನ್ ಇಳಿಸುವುದಿಲ್ಲ. ಎಳನೀರಿನ ವಿಷಯ ಸ್ವಲ್ಪ ಸೂಕ್ಷ್ಮ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ ಇದೆ, ಅಮ್ಮನಿಗೆ ಪೊಟ್ಯಾಶಿಯಂ ಕಡಿಮೆ ಇತ್ತು, ಹಾಗಾದರೆ ಕೊಡಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ದಿನಗಟ್ಟಲೆ ನಿಧಾನವಾಗಿ ಏರಿದ ವಿಷದಲ್ಲಿ ಪೊಟ್ಯಾಶಿಯಂ ಕಡಿಮೆ ಇರುವುದುಂಟು. ಒಂದೇ ಸಲ ಬಹಳ ನುಂಗಿದಾಗ ಉಲ್ಟಾ, ಪಂಪು ನಿಂತು ಪೊಟ್ಯಾಶಿಯಂ ಎಲ್ಲ ಕೋಶದ ಹೊರಗೆ ಉಳಿದು ರಕ್ತದಲ್ಲಿ ಏರುತ್ತದೆ. ಕಿಡ್ನಿ ಸೋತವರಿಗೂ ಏರುತ್ತದೆ. ಆಗ ಎಳನೀರು ಕೊಟ್ಟರೆ ಹೃದಯ ನಿಲ್ಲಿಸಿದ ಹಾಗೆ. ರಕ್ತ ಪರೀಕ್ಷೆ ಇಲ್ಲದೆ ಯಾವುದು ಅಂತ ಯಾರಿಗೂ ಹೇಳಲಾಗುವುದಿಲ್ಲ, ನನಗೂ ಕೂಡ.

ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ. ಖಾಲಿ ಸ್ಟ್ರಿಪ್ ಕೂಡ ಬಿಸಾಡಬೇಡಿ. ನಾನು ಡಬ್ಬಿಯನ್ನು ಟೇಬಲ್ ಮೇಲೆ ಬೋರಲು ಹಾಕಿ ಎಣಿಸುತ್ತೇನೆ. ಮಾತ್ರೆ ತಂದ ದಿನ, ಉಳಿದ ಮಾತ್ರೆ, ನಡುವೆ ಕಳೆದ ದಿನ. ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಲ್ಯಾಬ್ ರಿಪೋರ್ಟ್ ಬರುವುದು ಆಮೇಲೆ.

ಆ ಡಬ್ಬಿಯ ಪಾಠ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ತುಂಬಾ ವರ್ಷದ ಹಿಂದೆ, ಡಿಗಾಕ್ಸಿನ್ ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಕೆಮ್ಮು ಅಂತ ಬಂದರು. ಕ್ಲಾರಿಥ್ರೊಮೈಸಿನ್ ಬರೆದುಕೊಟ್ಟೆ. ಐದನೇ ದಿನ ಮಗ ಕರೆದುಕೊಂಡು ಬಂದ, ವಾಂತಿ, ನಾಡಿ 44. ಮಾತ್ರೆ ಎಣಿಸಿದೆ, ಒಂದೂ ಹೆಚ್ಚು ನುಂಗಿರಲಿಲ್ಲ. ಆ ಆಂಟಿಬಯಾಟಿಕ್ ಡಿಗಾಕ್ಸಿನ್ ಹೊರಹೋಗುವ ದಾರಿಯನ್ನೇ ಕಟ್ಟುತ್ತದೆ. ಕೆಲವರ ಕರುಳಿನಲ್ಲಿ ಡಿಗಾಕ್ಸಿನ್ನನ್ನು ಒಡೆಯುವ ಬ್ಯಾಕ್ಟೀರಿಯಾ ಇರುತ್ತವೆ, ಅವನ್ನೂ ಕೊಲ್ಲುತ್ತದೆ. ಅವರು ಗುಣವಾದರು. ನನಗೆ ಇವತ್ತಿಗೂ ಆ 44 ನೆನಪಿದೆ. ಅಮ್ಮನಿಗೆ ಯಾರೇ ಯಾವ ಹೊಸ ಮಾತ್ರೆ ಬರೆದರೂ, ಹಲ್ಲಿನ ಡಾಕ್ಟರ್ ಆದರೂ ಸರಿ, ಡಿಗಾಕ್ಸಿನ್ ತೆಗೆದುಕೊಳ್ಳುತ್ತಾರೆ ಅಂತ ಮೊದಲೇ ಹೇಳಿ. ತಾಳ ಸರಿಪಡಿಸಲು ಅಮಿಯೊಡರಾನ್ ಶುರು ಮಾಡಿದರೆ ಡಿಗಾಕ್ಸಿನ್ ಸುಮಾರು ಅರ್ಧಕ್ಕೆ ಇಳಿಸಬೇಕಾಗುತ್ತದೆ. ಗಿಡಮೂಲಿಕೆ ಕಷಾಯ ಅಂದರೆ ಸುರಕ್ಷಿತ ಅಂದುಕೊಳ್ಳಬೇಡಿ, ಡಿಗಾಕ್ಸಿನ್ ಕೂಡ ಗಿಡದ್ದೇ. ನಾರು ಬೇರು ಸೇರಿಸಿ ಬೇಧಿ ಮಾಡಿಸುವ ಪುಡಿಗಳು ಪೊಟ್ಯಾಶಿಯಂ ಕಳೆಯುತ್ತವೆ.

ನೀವು ಬೆಂಗಳೂರಿನಲ್ಲಿ ಕೂತು ಮಾಡಬಹುದಾದದ್ದು ಇದೆ. ಪ್ರತಿ ಸ್ಟ್ರಿಪ್ಪಿನ ಮೇಲೂ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಅಸಲಿ ಹೆಸರು ಅಚ್ಚಾಗಿರುತ್ತದೆ. ತಿಂಗಳಿಗೊಮ್ಮೆ ವಿಡಿಯೊ ಕಾಲ್ ಮಾಡಿ, ಡಬ್ಬಿ ಸುರಿಸಿ, ಒಂದೊಂದೇ ಸ್ಟ್ರಿಪ್ ಕ್ಯಾಮೆರಾಗೆ ಹಿಡಿಸಿ, ಅಸಲಿ ಹೆಸರು ಓದಿ. ಒಂದೇ ಹೆಸರು ಎರಡು ಸಲ ಬಂತಾ, ಫೋನ್ ಇಡಬೇಡಿ. ವಾರದ ಖಾನೆಗಳಿರುವ ಡಬ್ಬಿ ಸಿಗುತ್ತದೆ, ಅದು ಒಳ್ಳೆಯದು. ನನ್ನ ರೋಗಿಯೊಬ್ಬರ ಸೊಸೆ ಆ ಡಬ್ಬಿಯನ್ನು ಅತ್ತೆಯ ಎಲೆಅಡಿಕೆ ತಟ್ಟೆಯಲ್ಲೇ ಇಟ್ಟರು. ಮಾತ್ರೆ ಮರೆಯಬಹುದು, ಊಟ ಆದ ಮೇಲೆ ಆ ತಟ್ಟೆ ಮರೆಯುವುದುಂಟಾ? ಮೊಮ್ಮಕ್ಕಳು ಓಡಾಡುವ ಮನೆಯಾದರೆ ಮಾತ್ರ ಈ ಉಪಾಯ ಬೇಡ, ಎತ್ತರದಲ್ಲಿಡಿ.

ನಾಡಿ ನೋಡುವುದನ್ನು ಅಲ್ಲೇ ಯಾರಾದರೂ ಕಲಿಯಲಿ, ಆಶಾ ಕಾರ್ಯಕರ್ತೆ ಇದ್ದಾರಲ್ಲ, ಐದು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಪೂರ್ತಿ 60 ಸೆಕೆಂಡ್ ಎಣಿಸಬೇಕು. ಏರುಪೇರಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸುಳ್ಳು ಲೆಕ್ಕ ಬರುತ್ತದೆ. ಎಷ್ಟು ಅನ್ನುವುದರ ಜೊತೆ ತಾಳ ಹೇಗಿದೆ ಅಂತಲೂ ಬರೆದಿಡಲಿ. ಬೇಧಿ, ವಾಂತಿ ಬಂದು ಎರಡು ಹೊತ್ತು ಊಟ ಬಿಟ್ಟರೆ ಅವತ್ತೇ ಡಾಕ್ಟರಿಗೆ ಫೋನ್. ಡಿಗಾಕ್ಸಿನ್, ನೀರಿನ ಮಾತ್ರೆ ಎರಡನ್ನೂ ಅಷ್ಟು ದಿನ ತಡೆಹಿಡಿಯಬೇಕಾಗಬಹುದು. ಮೆಟೊಪ್ರೊಲಾಲನ್ನು ಮಾತ್ರ ನೀವಾಗಿ ತಟ್ಟಂತ ನಿಲ್ಲಿಸಬೇಡಿ. ಡಿಗಾಕ್ಸಿನ್ ಮತ್ತೆ ಶುರುವಾದರೆ ಹತ್ತು ದಿನದ ಮೇಲೆ ಪೊಟ್ಯಾಶಿಯಂ, ಕ್ರಿಯಾಟಿನಿನ್, ಡಿಗಾಕ್ಸಿನ್ ಮಟ್ಟ ಮೂರನ್ನೂ ನೋಡಿಸಿ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಲಿ, ನುಂಗಿ ಆರು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಸುಮ್ಮಸುಮ್ಮನೆ ಜಾಸ್ತಿ ತೋರಿಸುತ್ತದೆ.

ಉಳಿದ ಸ್ಟ್ರಿಪ್‌ಗಳನ್ನು ಯಾರಿಗೂ ಕೊಡಬೇಡಿ. ನಿಮ್ಮದು ಒಳ್ಳೆಯ ಮನಸ್ಸು, ಗೊತ್ತು. ಆ ಊರಿನವರಿಗೆ ಹೃದಯದ ತೊಂದರೆ ಅಂದಿರಿ, ಯಾವ ತೊಂದರೆ? ಅವರ ಡಬ್ಬಿಯಲ್ಲಿ ಇದೇ ಮಾತ್ರೆ ಮೂರನೇ ಹೆಸರಿನಲ್ಲಿ ಈಗಾಗಲೇ ಇದ್ದರೆ? ಮುಂದಿನ ಸಲ ಊರಿಗೆ ಹೋದಾಗ ಸ್ಟ್ರಿಪ್ ಎಲ್ಲ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ, ಇಟ್ಟುಕೊಳ್ಳಬೇಕಾದ್ದು ಯಾವುದು ಅಂತ ಅವರ ಕೈಯಲ್ಲೇ ಪೆನ್ನಿನಿಂದ ಗುರುತು ಹಾಕಿಸಿ, ಮಿಕ್ಕಿದ್ದನ್ನು ಅಲ್ಲೇ ಬಿಟ್ಟು ಬನ್ನಿ.